ಹೊಸ ಕ್ಲಚ್ ಪ್ಲೇಟ್ ಸುಟ್ಟರೆ ತಪ್ಪು ಯಾರದು?

‘ಹಳ್ಳಿ ಮಂದಿಗೆ ಗಾಡಿ ಹೊಡಿಯಾಕ ಬರಂಗಿಲ್ಲ, ಅದಕ್ಕ ಕ್ಲಚ್ ಪ್ಲೇಟ್ ಸುಡ್ತಾವ.’ ಗ್ಯಾರೇಜುಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೋದ ಮಳೆಗಾಲದಲ್ಲಿ ನನಗೂ ಇದೇ ಉತ್ತರ ಸಿಕ್ಕಿತು. ಹೊಸ ಪ್ಲೇಟ್ ಹಾಕಿಸಿ ತಿಂಗಳೂ ತುಂಬಿರಲಿಲ್ಲ. ಎಕ್ಸಲೇಟರ್ ತಿರುವಿದರೆ ಇಂಜಿನ್ ಒದರುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ.

ನಮ್ಮ ಕಡೆ ಓಡುವ 100, 125 ಸಿಸಿ ಗಾಡಿಗಳ ಕ್ಲಚ್ ಇಂಜಿನ್ ಆಯಿಲ್‌ನಲ್ಲೇ ತೊಯ್ದು ಕೆಲಸ ಮಾಡುತ್ತದೆ. ಹೊಸ ಪ್ಲೇಟುಗಳನ್ನು ಕೂಡಿಸುವ ಮೊದಲು ಅದೇ ಆಯಿಲ್‌ನಲ್ಲಿ ಕೆಲವು ತಾಸು, ಸಾಧ್ಯವಾದರೆ ರಾತ್ರಿಯಿಡೀ ನೆನೆಸಬೇಕು. ಒಣ ಪ್ಲೇಟ್ ಉಕ್ಕಿನ ಪ್ಲೇಟಿಗೆ ಉಜ್ಜಿದರೆ ಮೈ ಸುಟ್ಟು ನುಣುಪಾಗುತ್ತದೆ, ಆಮೇಲೆ ಹಿಡಿಯುವುದಿಲ್ಲ. ನನ್ನ ಗಾಡಿಗೆ ಪ್ಯಾಕೆಟ್ ಹರಿದು ನೇರವಾಗಿ ಹಾಕಿದ್ದನ್ನು ನಾನೇ ನಿಂತು ನೋಡಿದ್ದೆ. ಆಗ ಗೊತ್ತಿರಲಿಲ್ಲ, ಸುಮ್ಮನಿದ್ದೆ.

ಆಯಿಲ್ ಕೂಡ ಯಾವುದೋ ಒಂದು ಆಗುವುದಿಲ್ಲ. ಡಬ್ಬಿಯ ಮೇಲೆ ‘ಜಾಸೋ ಎಂಎ’ ಅಥವಾ ‘ಎಂಎ2’ ಎಂದಿರಬೇಕು. ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿದ ಕಾರಿನ ಆಯಿಲ್ ಹಾಕಿದರೆ ಹೊಸ ಪ್ಲೇಟೂ ಜಾರುತ್ತದೆ. ಕೇಬಲ್ ಬಿಗಿ ಇದ್ದರೂ ಅಷ್ಟೇ. ಲಿವರ್ ತುದಿಯಲ್ಲಿ ಸುಮಾರು 10ರಿಂದ 15 ಮಿಲಿಮೀಟರ್ ಸಡಿಲ ಬಿಡಬೇಕು.

ಇನ್ನು ನಮ್ಮ ಪಾಲು. ಮೊದಲ 200–300 ಕಿಲೋಮೀಟರ್ ಹಾಫ್ ಕ್ಲಚ್‌ನಲ್ಲಿ ಎಳೆಯಬಾರದು, ಭಾರ ಹೇರಬಾರದು. ಘತ್ತರಗಿಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಭೀಮಾ ದಂಡೆಯ ಎರೆಮಣ್ಣು ಮಳೆ ಬಿದ್ದರೆ ಮಡ್‌ಗಾರ್ಡಿಗೆ ಮೆತ್ತಿ ಗಾಲಿಯನ್ನೇ ಹಿಡಿಯುತ್ತದೆ. ಹೊಲದಿಂದ ಮೇವು ತರಬೇಕು, ಅಮಾವಾಸ್ಯೆಗೆ ಮನೆಮಂದಿಯನ್ನು ಭಾಗ್ಯವಂತಿ ಗುಡಿಗೆ ಕರೆದೊಯ್ಯಬೇಕು. ಆದರೂ ಒಂದು ವಾರ ಗಾಡಿಯನ್ನು ಡಾಂಬರ್ ರಸ್ತೆಯಲ್ಲೇ ಹಗುರವಾಗಿ ಓಡಿಸಿ ಎಂದು ಯಾರಾದರೂ ಹೇಳಿದ್ದರೆ ನಾವು ಕೇಳುತ್ತಿರಲಿಲ್ಲವೇ?

ಮೆಕ್ಯಾನಿಕ್‌ಗಳಿಗೂ ಅವರದೇ ಕಷ್ಟವಿದೆ, ಒಪ್ಪುತ್ತೇನೆ. ‘ಒಂದ್ ತಾಸಿನ್ಯಾಗ ಕೊಡು’ ಎಂದು ತಲೆ ಮೇಲೆ ನಿಲ್ಲುವವರು ನಾವೇ. ಆದರೆ ಪ್ಲೇಟ್ ನೆನೆಯಲು ಗಾಡಿ ಬಿಚ್ಚಿಡಬೇಕಿಲ್ಲ. ಹಿಂದಿನ ರಾತ್ರಿ ಒಂದು ಡಬ್ಬಿಯಲ್ಲಿ ಹಾಕಿಟ್ಟರೆ ಸಾಕು.

ಎರಡನೇ ಸಲ ಪ್ಲೇಟ್ ಕೊಳ್ಳುವ ದುಡ್ಡು ಕೂಲಿಯವನ ಕಿಸೆಯಿಂದಲೇ ಹೋಗಬೇಕು. ಗಾಡಿ ನಿಂತ ದಿನದ ಪಗಾರವೂ ಅವನದೇ. ಹಾಗಾಗಿ ಮುಂದಿನ ಸಲ ಗ್ಯಾರೇಜಿಗೆ ಹೋದಾಗ ರೇಟ್ ಕೇಳುವ ಮೊದಲು ಇದನ್ನು ಕೇಳಿ: ‘ಅಣ್ಣಾ, ಪ್ಲೇಟ್ ನೆನಸೀರಿ ಏನ್ರಿ?’