ಅಂಪೈರ್ ತಪ್ಪಿದರೆ ಸರಿ, ನಾವು?

ನಮ್ಮ ಹಾಸ್ಟೆಲ್ ಮ್ಯಾಚ್‌ಗಳಲ್ಲಿ ಬ್ಯಾಟಿಂಗ್ ಟೀಮಿನವರೇ ಅಂಪೈರ್. ಎಲ್‌ಬಿಡಬ್ಲ್ಯೂ ಅಂತೂ ಇಲ್ಲವೇ ಇಲ್ಲ. ಆದರೂ ಜಗಳ ತಪ್ಪಿದ್ದಲ್ಲ, ಬೈಗುಳವೆಲ್ಲ ಅಂಪೈರ್‌ಗೇ.

2008ರ ಸಿಡ್ನಿ ಟೆಸ್ಟನ್ನೇ ನೋಡಿ. ಸೈಮಂಡ್ಸ್ 30 ರನ್ನಿನಲ್ಲಿದ್ದಾಗ ಇಶಾಂತ್ ಎಸೆದ ಚೆಂಡು ಬ್ಯಾಟಿಗೆ ಸವರಿ ಧೋನಿ ಕೈ ಸೇರಿತು. ಅಂಪೈರ್ ಬಕ್ನರ್ ಬೆರಳೆತ್ತಲಿಲ್ಲ. ಸೈಮಂಡ್ಸ್ ಔಟಾಗದೆ 162 ಹೊಡೆದರು. ಕೊನೆಯ ದಿನ ನಮ್ಮ ದ್ರಾವಿಡ್‌ಗೆ ಬ್ಯಾಟಿಗೆ ತಾಗದ ಚೆಂಡಿಗೆ ಔಟ್! ಕುಂಬ್ಳೆ ಪಡೆ 122 ರನ್ನುಗಳಿಂದ ಸೋತಿತು.

ಅದೇ ವರ್ಷ ಭಾರತ–ಶ್ರೀಲಂಕಾ ಸರಣಿಯಲ್ಲಿ ಡಿಆರ್‌ಎಸ್ ಪ್ರಯೋಗ ಶುರುವಾಯ್ತು. ಕ್ಯಾಮೆರಾ, ಮೈಕು ಬಂದು ತಪ್ಪುಗಳು ಕಡಿಮೆಯಾದವು. ಇಂಜಿನಿಯರ್ ಆಗಲು ಹೊರಟ ನಮಗೆ ಖುಷಿಯೇ. ಆದರೆ ಒಂದು ಮಾತು: ತಾನು ಔಟಾಗಿದ್ದೆ ಅಂತ ಆಮೇಲೆ ಸೈಮಂಡ್ಸೇ ಒಪ್ಪಿಕೊಂಡರು. ಅಂದರೆ ಬಕ್ನರ್‌ಗೆ ಗೊತ್ತಾಗದ್ದು ಅವರಿಗೆ ಗೊತ್ತಿತ್ತು.

ಈಗ 1980ರ ಮುಂಬೈ ಟೆಸ್ಟ್. ಇಂಗ್ಲೆಂಡಿನ 5 ವಿಕೆಟ್ ಬಿದ್ದಾಗಿತ್ತು. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಅನ್ನಿಸಿ ನಾಯಕ ಜಿ.ಆರ್. ವಿಶ್ವನಾಥ್ ಅವರನ್ನು ವಾಪಸ್ ಕರೆದರು. ಟೇಲರ್, ಬೋಥಮ್ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

'ಏನ್ ಸಿಕ್ತು ವಿಶಿಗೆ?' ಅಂತ ನಮ್ಮಲ್ಲೇ ಕೆಲವರು ಕೇಳ್ತಾರೆ. ಪಂದ್ಯ ಸಿಗಲಿಲ್ಲ, ನಿಜ. ಆದರೆ ಆ ಪಂದ್ಯ ಮೋಸದ್ದು ಅಂತ ಯಾರೂ ಹೇಳಲಾರರು.

ಹಾಸ್ಟೆಲ್ ಮೈದಾನಕ್ಕೆ ಡಿಆರ್‌ಎಸ್ ಬರೋದಿಲ್ಲ. ಮುಂದಿನ ಭಾನುವಾರದಿಂದ ಆಡದೇ ಇರೋ ಮೂರನೇ ಟೀಮಿನವರು ಅಂಪೈರ್ ಆಗಲಿ. ಎಡ್ಜ್ ಆದರೆ ನಾವೇ ಹೊರಟುಬಿಡೋಣ. ಏನಂತೀರಿ?