ಆ ಒಂದು ಅಪ್‌ಡೇಟನ್ನಷ್ಟೇ ತೆಗೆಯಿರಿ

ಬುಧವಾರ ಬೆಳಿಗ್ಗೆ ಕಚೇರಿಗೆ ಬಂದು ಔಟ್‌ಲುಕ್ ತೆರೆಯುತ್ತೀರಿ. ನಿನ್ನೆ ಸಂಜೆಯವರೆಗೂ ಚುರುಕಾಗಿದ್ದ ಇನ್‌ಬಾಕ್ಸ್ ಇವತ್ತು ಮಿಸುಕುವುದಿಲ್ಲ. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಅಂದೇ ಕೊನೆಯ ದಿನ ಬೇರೆ. ಆಗ ಯಾರೋ ಬಂದು ಹೇಳುತ್ತಾರೆ: “ಅಪ್‌ಡೇಟ್ ಪೂರ್ತಿ ಆಫ್ ಮಾಡಿಬಿಡಿ ಸಾರ್, ಇನ್ನು ಈ ಕಾಟವೇ ಇರಲ್ಲ.” ಸಣ್ಣ ಕಚೇರಿಗಳ, ಅಂಗಡಿಗಳ ಕಂಪ್ಯೂಟರ್ ನೋಡಿಕೊಂಡೇ ಬದುಕಿದವನು ನಾನು. ಆ ಸಲಹೆಯನ್ನು ದಯವಿಟ್ಟು ಕೇಳಬೇಡಿ.

ನಿಮ್ಮ ಸಿಟ್ಟು ಸುಳ್ಳಲ್ಲ. ಮೈಕ್ರೋಸಾಫ್ಟ್ ತನ್ನ ಭದ್ರತಾ ತಿದ್ದುಪಡಿಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತದೆ. ಅದು ನಮ್ಮಲ್ಲಿ ಮಲಗುವ ಹೊತ್ತು. ಪರಿಣಾಮ ಕಾಣುವುದು ಬುಧವಾರವೇ. 2010ರ ಡಿಸೆಂಬರ್ 14ರಂದು ಹಾಗೆ ಬಂದ ಕಂತಿನ ಜೊತೆ ಔಟ್‌ಲುಕ್ 2007ಕ್ಕೆ ಕೆಬಿ 2412171 ಎಂಬ ಅಪ್‌ಡೇಟೂ ಬಂತು. ಎಕ್ಸ್‌ಚೇಂಜ್ ಎಂಬ ಕಂಪನಿಗಳ ಮೇಲ್ ಸರ್ವರಿನ ಖಾತೆ ಇಲ್ಲದವರಿಗೆ ಫೋಲ್ಡರ್ ಬದಲಿಸುವುದೇ ನಿಧಾನವಾಯಿತು. ಕೆಲವರಿಗೆ ಜಿಮೇಲ್ ಸಂಪರ್ಕವೇ ಸಿಗಲಿಲ್ಲ. ಎರಡೇ ದಿನದಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡು, ತೆಗೆದುಹಾಕುವ ದಾರಿಯನ್ನೂ ತಿಳಿಸಿತು. ತಪ್ಪು ಅವರದೇ ಆಗಿತ್ತು.

ಈಗ ಇನ್ನೊಂದು ಮಗ್ಗುಲು ನೋಡಿ. 2017ರ ಮಾರ್ಚ್ 14ರಂದು ವಿಂಡೋಸ್‌ನ ಒಂದು ದೊಡ್ಡ ಬಿರುಕನ್ನು ಮುಚ್ಚುವ ತಿದ್ದುಪಡಿ ಹೊರಬಂತು. ಮೇ 12ರಂದು, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಅದೇ ಬಿರುಕಿನಲ್ಲಿ ನುಗ್ಗಿತು. ನಡುವೆ ಸುಮಾರು ಎರಡು ತಿಂಗಳ ಅವಕಾಶವಿತ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ರದ್ದಾದವು. ನಮ್ಮ ನೆರೆಯ ಆಂಧ್ರದಲ್ಲಿ ಪೊಲೀಸ್ ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು. ಮೇಲ್ ನಿಧಾನವಾದರೆ ಅರ್ಧ ದಿನ ಹೋಗುತ್ತದೆ. ಹತ್ತು ವರ್ಷದ ಲೆಕ್ಕಪತ್ರಕ್ಕೆ ಯಾರೋ ಬೀಗ ಹಾಕಿ ದುಡ್ಡು ಕೇಳಿದರೆ? ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಬೇಡ.

ಮೊದಲು ಅಪರಾಧಿ ಯಾರೆಂದು ಖಚಿತ ಮಾಡಿಕೊಳ್ಳಿ. ಕಂಟ್ರೋಲ್ ಕೀ ಒತ್ತಿಹಿಡಿದು ಔಟ್‌ಲುಕ್ ತೆರೆದರೆ ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ. ಹೌದೆನ್ನಿ. ಅಲ್ಲಿ ಅದು ಚುರುಕಾಗಿ ಓಡಿದರೆ ತಪ್ಪು ಬಹುಮಟ್ಟಿಗೆ ಯಾವುದೋ ಆಡ್-ಇನ್‌ನದು. ಆಂಟಿವೈರಸ್‌ನದೋ ಪಿಡಿಎಫ್ ತಂತ್ರಾಂಶದ್ದೋ ಇರಬಹುದು, ಒಂದೊಂದಾಗಿ ನಿಲ್ಲಿಸಿ ನೋಡಿ. ಇನ್ನು ಮೇಲ್‌ಗಳನ್ನು ಕೂಡಿಡುವ ಪಿಎಸ್‌ಟಿ ಫೈಲಿನ ಗಾತ್ರ. ಅಳಿಸಿದ ಮೇಲ್‌ಗಳ ಜಾಗ ತಕ್ಷಣ ಖಾಲಿಯಾಗುವುದಿಲ್ಲ, ‘ಕಾಂಪ್ಯಾಕ್ಟ್’ ಮಾಡಬೇಕು. ಥಂಡರ್‌ಬರ್ಡ್‌ನಲ್ಲೂ ಇದೇ ಕಥೆ. ನಾನು ನೋಡಿದ ಎಷ್ಟೋ ‘ಅಪ್‌ಡೇಟ್ ತೊಂದರೆ’ಗಳು ವರ್ಷಗಟ್ಟಲೆ ಗುಡ್ಡೆಬಿದ್ದ ಹಳೆಯ ಮೇಲ್‌ನ ಭಾರವೇ ಆಗಿದ್ದವು. ಏನೇ ಮಾಡುವ ಮುನ್ನ ಆ ಫೈಲಿನ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಇದನ್ನು ಮರೆತವರ ಕಣ್ಣೀರು ಕಂಡಿದ್ದೇನೆ.

ಇಷ್ಟಾದರೂ ಅನುಮಾನ ಅಪ್‌ಡೇಟಿನ ಮೇಲೇ ಇದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಹಿಸ್ಟರಿ ತೆರೆಯಿರಿ. ತೊಂದರೆ ಶುರುವಾದ ದಿನ ಬಂದದ್ದು ಯಾವುದೆಂದು ನೋಡಿ, ಅದರ ಕೆಬಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಆ ಸಂಖ್ಯೆಯ ಬಗ್ಗೆ ಕಂಪನಿಯ ಸ್ವಂತ ಪುಟದಲ್ಲೇ ಓದಿ. ತೆಗೆಯಲು ಅವಕಾಶವಿದ್ದರೆ ಅದೊಂದನ್ನು ಮಾತ್ರ ತೆಗೆಯಿರಿ, ಕೆಲವು ದಿನ ಅಪ್‌ಡೇಟ್‌ಗಳನ್ನು ‘ಪಾಝ್’ ಮಾಡಿಡಿ, ಸರಿಪಡಿಸಿದ್ದು ಬಂದ ಕೂಡಲೇ ಹಾಕಿಕೊಳ್ಳಿ.

ಒಂದು ಅಪಾಯವನ್ನಂತೂ ಕೈಮುಗಿದು ಹೇಳುತ್ತೇನೆ. ಗಾಬರಿಯಲ್ಲಿ ಗೂಗಲ್‌ನಲ್ಲಿ ‘ಔಟ್‌ಲುಕ್ ಕಸ್ಟಮರ್ ಕೇರ್’ ಎಂದು ಹುಡುಕಿ, ಮೊದಲು ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ. ಆ ಕಡೆಯವರು ವಿನಯದಿಂದಲೇ ಮಾತಾಡುತ್ತಾರೆ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಸುತ್ತಾರೆ, ಅದರಲ್ಲಿ ಕಾಣುವ ಸಂಖ್ಯೆ ಕೇಳುತ್ತಾರೆ. ಅದನ್ನು ಕೊಟ್ಟು ಅನುಮತಿಯ ಗುಂಡಿ ಒತ್ತಿದಿರೆಂದರೆ ನಿಮ್ಮ ಪರದೆ ಅವರ ಕೈಯಲ್ಲಿ, ಪಕ್ಕದ ಟ್ಯಾಬಿನಲ್ಲಿ ತೆರೆದಿರುವ ಬ್ಯಾಂಕ್ ಖಾತೆಯೂ ಸೇರಿ. ನಿವೃತ್ತ ಮೇಷ್ಟ್ರೊಬ್ಬರು ಮೇಲ್ ಸರಿಮಾಡಿಸಲು ಹೋಗಿ ಪಿಂಚಣಿ ಉಳಿತಾಯ ಕಳೆದುಕೊಂಡರು. ಮನೆಯವರಿಗೆ ಹೇಳಲು ನಾಚಿ ಮೂರು ದಿನ ಸುಮ್ಮನಿದ್ದರು. ನಾಚಬೇಡಿ. ಹಣ ಹೋಗಿದೆ ಎಂದು ತಿಳಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಇವತ್ತು ಕಚೇರಿಗೆ ಬೀಗ ಹಾಕುವ ಮುನ್ನ ಪ್ರತಿ ಕಂಪ್ಯೂಟರಿನ ಅಪ್‌ಡೇಟ್ ಪುಟವನ್ನೊಮ್ಮೆ ತೆರೆದು ನೋಡಿ. ಯಾವತ್ತೋ ಯಾರೋ ಆಫ್ ಮಾಡಿ ಹೋಗಿದ್ದರೆ ಮತ್ತೆ ಆನ್ ಮಾಡಿ. ಪಕ್ಕದ ಝೆರಾಕ್ಸ್ ಅಂಗಡಿಯವರಿಗೂ ಒಂದು ಮಾತು ಹೇಳಿ; ಊರಿನ ಅರ್ಧ ಜನರ ಆಧಾರ್ ಪ್ರತಿಗಳು ಅವರ ಕಂಪ್ಯೂಟರಿನಲ್ಲಿವೆ.