ನವಿಲುತೀರ್ಥದಲ್ಲಿ ಬೋಟ್ ಬಿಡುವ ಮುನ್ನ ನೀರಿನ ಲೆಕ್ಕ ಕೊಡಿ

ಎಲ್ಲಮ್ಮನ ಗುಡ್ಡಕ್ಕೆ ಬಂದವರು ದರ್ಶನ ಮುಗಿಸಿ ನವಿಲುತೀರ್ಥಕ್ಕೂ ಒಂದು ಸುತ್ತು ಹಾಕುತ್ತಾರೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆ, ಅದಕ್ಕೆ ಅಡ್ಡಲಾಗಿ ಅಣೆಕಟ್ಟು, ಹಿಂದೆ ಕಣ್ಣು ಹಾಯುವಷ್ಟು ದೂರ ಮಲಪ್ರಭೆಯ ಹಿನ್ನೀರು. ನಿಂತು ಸೆಲ್ಫಿ ತೆಗೆದುಕೊಂಡ ಮೇಲೆ ಬರುವ ಮಾತು ಒಂದೇ: "ಇಲ್ಲೊಂದು ಬೋಟಿಂಗ್ ಮಾಡಿದ್ರ ಗೋವಾಕ್ಕ ಯಾಕ ಹೋಗ್ಬೇಕು?"

ಮಾತು ಸುಳ್ಳಲ್ಲ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಹುಡುಗ ಹುಡುಗಿಯರು ಡಿಗ್ರಿ ಮುಗಿಸಿ ಹುಬ್ಬಳ್ಳಿ, ಪುಣೆ, ಬೆಂಗಳೂರಿನ ಬಸ್ ಹತ್ತುವುದು ಊರಲ್ಲಿ ಕೆಲಸ ಇಲ್ಲ ಅಂತಲೇ. ಎಂ.ಕೆ. ಹುಬ್ಬಳ್ಳಿಯಲ್ಲಿ ನದಿಯೊಳಗೇ ಇರುವ ಗಂಗಾಂಬಿಕಾ ಐಕ್ಯಮಂಟಪ, ರಾಯಣ್ಣನ ಸಂಗೊಳ್ಳಿ, ಸೊಗಲದ ಜಲಪಾತ, ಎಲ್ಲಮ್ಮನ ಗುಡ್ಡ, ನವಿಲುತೀರ್ಥ: ಎರಡು ದಿನದ ಪ್ರವಾಸಕ್ಕೆ ಬೇಕಾದದ್ದೆಲ್ಲ ಇಲ್ಲೇ ಇದೆ. ಜೊತೆಗೆ ಈಗ ದುಡ್ಡೂ ಬರುತ್ತಿದೆ. 2024ರಲ್ಲಿ ರಾಜ್ಯ ಸರ್ಕಾರ ಎಲ್ಲಮ್ಮ ಕ್ಷೇತ್ರಕ್ಕೆ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಯನ್ನು ಕಾನೂನಿನ ಮೂಲಕವೇ ರಚಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 23 ರಾಜ್ಯಗಳ 40 ಯೋಜನೆಗಳಿಗೆ ಒಪ್ಪಿಗೆ ಕೊಟ್ಟಾಗ, ಅದರಲ್ಲಿ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಸಿಕ್ಕಿತು. ಇದು ಅನುದಾನ ಅಂದುಕೊಳ್ಳಬೇಡಿ. ರಾಜ್ಯ 50 ವರ್ಷಗಳಲ್ಲಿ ತೀರಿಸಬೇಕಾದ ಬಡ್ಡಿರಹಿತ ಸಾಲ.

ಗುಡ್ಡಕ್ಕೆ ಇಷ್ಟು ದುಡ್ಡು ಬಂದ ಮೇಲೆ ಪಕ್ಕದ ನೀರಿನ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ಇವತ್ತಲ್ಲ ನಾಳೆ ಬೋಟಿಂಗ್ ಟೆಂಡರ್ ಬಂದೇ ಬರುತ್ತದೆ. ಬರಲಿ. ಆದರೆ ಆ ಬೋಟ್ ತೇಲುವುದು ಯಾರ ನೀರಿನ ಮೇಲೆ?

ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ. ಗರಿಷ್ಠ ಮಟ್ಟ 2079.50 ಅಡಿ. ಅಣೆಕಟ್ಟು ಕಟ್ಟಿದ ಮೇಲೆ ಅದು ಪೂರ್ತಿ ತುಂಬಿದ ವರ್ಷಗಳು ಕಡಿಮೆ, ತುಂಬದ ವರ್ಷಗಳೇ ಹೆಚ್ಚು. ಇದೇ ನೀರು ಸವದತ್ತಿ, ರಾಮದುರ್ಗದಿಂದ ನವಲಗುಂದ, ನರಗುಂದ, ರೋಣದ ತನಕ ಕಾಲುವೆಗೆ ಹೋಗಬೇಕು. ಹುಬ್ಬಳ್ಳಿ-ಧಾರವಾಡದ ನಲ್ಲಿಗೂ ಇದೇ ಬೇಕು. 1980ರಲ್ಲಿ ನರಗುಂದ, ನವಲಗುಂದದ ರೈತರು ಬಂದೂಕಿಗೆ ಎದೆಯೊಡ್ಡಿದ್ದು ಇದೇ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ. ಕಾಲುವೆಗೆ ನೀರೇ ಸರಿಯಾಗಿ ಬರದಿರುವಾಗ ಕರ ಯಾತಕ್ಕೆ ಅನ್ನೋದು ಅವರ ಪ್ರಶ್ನೆ. 2015ರಿಂದ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ನಡೆದದ್ದು ಮಹದಾಯಿಯ ನೀರನ್ನು ಈ ಬರಿದಾದ ಒಡಲಿಗೆ ತರಲಿಕ್ಕೆ. 2018ರಲ್ಲಿ ನ್ಯಾಯಮಂಡಳಿ ಕಳಸಾ-ಬಂಡೂರಿಗೆ 3.9 ಟಿಎಂಸಿ ಕೊಟ್ಟಿತು. ಆ ನೀರಿಗಾಗಿ ಜನ ಇನ್ನೂ ಕಾಯುತ್ತಿದ್ದಾರೆ.

ಈಗ ಕ್ಯಾಲೆಂಡರ್ ನೋಡಿ. ಗುಡ್ಡಕ್ಕೆ ಜನ ಹರಿದು ಬರುವುದು ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗೆ. ಅಂದರೆ ಹೆಚ್ಚೂಕಡಿಮೆ ಜನವರಿಯಿಂದ ಏಪ್ರಿಲ್. ಬೋಟ್‌ನವನ ಸುಗ್ಗಿಯೂ ಅದೇ. ಆದರೆ ಜಲಾಶಯ ಇಳಿಯುವುದೂ ಅದೇ ತಿಂಗಳುಗಳಲ್ಲಿ. ಹಿಂಗಾರಿ ಬೆಳೆಗೆ ಕಾಲುವೆ ಬಿಟ್ಟಿರುತ್ತಾರೆ, ಬೇಸಿಗೆಯ ಕುಡಿಯುವ ನೀರನ್ನು ಉಳಿಸಿಕೊಳ್ಳಬೇಕಿರುತ್ತದೆ. ಇನ್ನು ನೀರು ಭರ್ತಿ ಇರುವ ಆಗಸ್ಟ್ ತಿಂಗಳಲ್ಲಿ ಗೇಟ್ ಯಾವಾಗ ಎತ್ತುತ್ತಾರೋ ಗೊತ್ತಿಲ್ಲ. ಆಗ ಬೋಟ್ ಇಳಿಸುವುದೇ ಅಪಾಯ.

ಅಂದಮೇಲೆ ಕೋಟಿಗಟ್ಟಲೆ ಸುರಿದ ಗುತ್ತಿಗೆದಾರ ಫೆಬ್ರವರಿಯಲ್ಲಿ ಏನು ಕೇಳುತ್ತಾನೆ? 'ಇನ್ನೂ ನಾಲ್ಕು ಅಡಿ ನೀರು ಇರಲಿ ಸರ್' ಅಂತಾನೆ. ಕೇಳುವುದು ಅವನ ವ್ಯವಹಾರ, ತಪ್ಪಿಲ್ಲ. ಆದರೆ ಆ ನಾಲ್ಕು ಅಡಿ ಕಾಲುವೆಯ ಕೊನೆಯ ಹಳ್ಳಿಯ ಕಡಲೆ, ಜೋಳದ್ದು. ನೀರು ಬಿಡುವ ತೀರ್ಮಾನ ಆಗುವುದು ನೀರಾವರಿ ಸಲಹಾ ಸಮಿತಿಯಲ್ಲಿ. ಬೋಟಿಂಗ್ ಯೋಜನೆ ತಯಾರಾಗುವುದು ಪ್ರವಾಸೋದ್ಯಮದ ಕಡೆ. ಎರಡೂ ಕಡತ ಒಂದೇ ಮೇಜಿಗೆ ಬರದಿದ್ದರೆ ಜಗಳ ದಡದಲ್ಲಿ ಆಗುತ್ತದೆ. ಕೆಆರ್‌ಎಸ್‌ನಲ್ಲಿ ಅಮ್ಯೂಸ್‌ಮೆಂಟ್ ಪಾರ್ಕ್ ಅಂದಾಗ ಮಂಡ್ಯದ ರೈತರು ಬೀದಿಗೆ ಇಳಿದದ್ದನ್ನು ನೋಡಿದ್ದೇವಲ್ಲ.

ಜೀವದ ಲೆಕ್ಕವೂ ಇದೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಮುಳುಗಿ 16 ಜನ ಸತ್ತರು. ಅದೂ ಜಾತ್ರೆಯೇ, ಅಲ್ಲೂ ದೋಣಿಗೆ ಮಿತಿ ಮೀರಿ ಜನ ಹತ್ತಿದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮೀನುಗಾರಿಕೆ ದೋಣಿಯನ್ನೇ ಪ್ರವಾಸಿ ಬೋಟ್ ಮಾಡಿ, ಕತ್ತಲಾದ ಮೇಲೂ ಓಡಿಸಿ 22 ಜೀವ ಹೋದವು. 2024ರ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ಪಿಕ್ನಿಕ್‌ಗೆ ಹೋದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದರು. ಕಾನೂನು ಇಲ್ಲ ಅಂತಲ್ಲ. 1917ರ ಹಳೆಯ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಹಡಗು ಕಾಯ್ದೆ ಬಂದಿದೆ. ನೋಂದಣಿ, ತಪಾಸಣೆ, ವಿಮೆ ಎಲ್ಲ ಅದರಲ್ಲಿದೆ. ಆದರೆ ಲಕ್ಷಾಂತರ ಜನ ಸೇರುವ ಹುಣ್ಣಿಮೆಯ ದಿನ ಬೋಟ್ ಹತ್ತುವವರ ತಲೆ ಎಣಿಸಿ, 'ಸಾಕು, ಇನ್ನು ಹತ್ತಬ್ಯಾಡ್ರಿ' ಅನ್ನುವವರು ಯಾರು?

ಅಣೆಕಟ್ಟಿನ ಕೆಳಗಿನವರ ಪಾಲಿಗೆ ಈ ನದಿಯ ಮುಖವೇ ಬೇರೆ. 2019ರ ಆಗಸ್ಟ್‌ನಲ್ಲಿ ಗೇಟ್ ಎತ್ತಿದಾಗ ಮುನವಳ್ಳಿ, ರಾಮದುರ್ಗದ ಮನೆಗಳಿಗೆ ನೀರು ನುಗ್ಗಿತು. ಅವರು ಬೋಟ್ ಹತ್ತಿದ್ದು ಟಿಕೆಟ್ ತೆಗೆದುಕೊಂಡು ಅಲ್ಲ, ಜೀವ ಉಳಿಸಿಕೊಳ್ಳಲಿಕ್ಕೆ. ಮಲಪ್ರಭೆಗೆ ಬರುವ ದುಡ್ಡಿನಲ್ಲಿ ಆ ಊರುಗಳಿಗೆ ಒಂದಿಷ್ಟು ರಕ್ಷಣಾ ಬೋಟ್, ಲೈಫ್ ಜಾಕೆಟ್, ಈಜು ಬಲ್ಲ ಹುಡುಗರಿಗೆ ತರಬೇತಿ ಸಿಗಬೇಕಲ್ಲವೇ? ಪ್ರವಾಸಿಗೆಂದು ತಂದ ಬೋಟ್ ನೆರೆಯ ದಿನ ರಾಮದುರ್ಗಕ್ಕೆ ಹೋಗುವಂತೆ ಟೆಂಡರ್‌ನಲ್ಲೇ ಬರೆಯಬಹುದು.

ಹಾಗಾಗಿ ಬೋಟಿಂಗ್ ಬೇಡ ಅನ್ನುವುದು ನಮ್ಮ ವಾದವಲ್ಲ, ಷರತ್ತು ಹಾಕಿ ತನ್ನಿ ಅನ್ನುವುದು. ಕುಡಿಯುವ ನೀರು ಮತ್ತು ಕಾಲುವೆ ಮೊದಲು, ಬೋಟ್ ಆಮೇಲೆ ಅಂತ ಬರವಣಿಗೆಯಲ್ಲಿ ಇರಬೇಕು. ಹೊರಗಿನ ಒಬ್ಬನೇ ಗುತ್ತಿಗೆದಾರನಿಗೆ ಇಡೀ ಹಿನ್ನೀರು ಬರೆದುಕೊಡುವ ಬದಲು, ದಿನಾ ಆ ನೀರಿನ ಆಳ ನೋಡುವ ಮೀನುಗಾರರ ಸಂಘಗಳಿಗೆ, ದಡದ ಹಳ್ಳಿಗಳ ಸ್ವಸಹಾಯ ಗುಂಪುಗಳಿಗೆ ಮೊದಲ ಅವಕಾಶ ಸಿಗಬೇಕು. ಭೂಮಿ ಕೊಟ್ಟು ಜಲಾಶಯ ಮಾಡಿದವರ ಮೊಮ್ಮಕ್ಕಳು ಅದೇ ದಡದಲ್ಲಿ ಬರೀ ಪಾರ್ಕಿಂಗ್ ಚೀಟಿ ಹರಿಯುವ ಕೆಲಸಕ್ಕೆ ನಿಲ್ಲಬಾರದು.

ಮುಂದಿನ ಗ್ರಾಮಸಭೆಗೆ ಹೋದಾಗ, ಶಾಸಕರು ಎದುರಿಗೆ ಸಿಕ್ಕಾಗ ಒಂದು ಪ್ರಶ್ನೆ ಕೇಳಿ. 'ಬೋಟಿಂಗ್ ಯಾವಾಗ ಶುರು ಮಾಡ್ತೀರಿ' ಅಂತ ಎಲ್ಲರೂ ಕೇಳುತ್ತಾರೆ. ನೀವು ಇದನ್ನು ಕೇಳಿ: ನೀರು ಎಷ್ಟು ಅಡಿಗೆ ಇಳಿದರೆ ಬೋಟ್ ನಿಲ್ಲಿಸ್ತೀರಿ?